ಹದಿನೇಳನೇ ತಟ್ಟೆ

ಥರ್ಮಾಕೋಲ್ ಡಬ್ಬಿಯಲ್ಲಿ ಬಂತು ಕೆಸರು,
ಐಸು ಅರ್ಧ ಕರಗಿ.
"ಮೇಡಂ, ಮೀನ ನಾರಲತ್ತದ" ಅಂದ ಬಕ್ಕಪ್ಪ
ಟವೆಲ್ಲು ಮೂಗಿಗೆ ಹಿಡಿದು ಮೇಜಿನ ಮೇಲಿಟ್ಟ.
ಮೀನಲ್ಲ, ಸಿಗಡಿ ಕೊಳದ ತಳ;
ಕಾಂಡ್ಲಾ ಗಿಡಗಳು ಉಸಿರಿಗೆಂದು
ಬೇರನ್ನು ಮೇಲಕ್ಕೆ ಚಾಚುವ ಕಡೆಯದು,
ಗೋದಾವರಿ ಸಮುದ್ರದ ಬಾಯಿಗೆ ಬೀಳುವ ಜಾಗದ್ದು.

ನಾನು ಸಮುದ್ರ ಕಂಡವಳಲ್ಲ.
ಬೀದರಿನಲ್ಲಿ ಉಪ್ಪೆಂದರೆ ಅಡುಗೆಮನೆಯ ಡಬ್ಬಿ,
ಮೇ ತಿಂಗಳು ಬುರ್ಖಾದ ಬೆನ್ನಿಗೆ ಒಣಗುವ ಬಿಳಿ ಗೆರೆ.
ಆದರೂ ಆ ನೀರಲ್ಲಿ ಒಂದು ಬೊಗಸೆ
ನಮ್ಮ ಮಾಂಜ್ರಾದ್ದೂ ಇರಬೇಕು ಅಂತ
ಸೀಸೆಗೆ ಚೀಟಿ ಅಂಟಿಸುವಾಗ ಅನ್ನಿಸಿತು.

ಉಪ್ಪು ಬೆರೆಸಿದ ಅಗಾರಿನ ಮೇಲೆ ಮೂರನೇ ದಿನ
ಹಳದಿ ಚುಕ್ಕಿ, ಸಾಸಿವೆಗಿಂತ ಸಣ್ಣದು.
ಹದಿನೇಳನೇ ತಟ್ಟೆ, ಹಾಗಾಗಿ ಹೆಸರೂ ಹದಿನೇಳು.
ಅದರ ಡಿಎನ್‌ಎ ಹೈದರಾಬಾದಿಗೆ ಹೋಗಿ
ಅಕ್ಷರವಾಗಿ ತಿರುಗಿ ಬಂತು:
ನಲವತ್ತೆರಡು ಲಕ್ಷ ಅಕ್ಷರ, ವರ್ಣಮಾಲೆಯಲ್ಲಿ ನಾಲ್ಕೇ.
ಹರಿದ ಕಾಗದದ ಚೂರಂಥವನ್ನು
ತುದಿಗೆ ತುದಿ ಕೂಡಿಸುತ್ತ ಕೂತೆ.
ಎರಡು ಸಲ ಕರೆಂಟು ಹೋಯಿತು.
ಎರಡನೇ ಸಲ ಅತ್ತೆ.
ಪ್ರಬಂಧದಲ್ಲಿ ಇದಕ್ಕೆ ಜಾಗವಿಲ್ಲ.

ಆಮೇಲೆ ಓದಿದೆ.
ಇಲ್ಲಿ ಈಜುವ ಬಾಲದ ಸೂತ್ರ.
ಇಲ್ಲಿ ಭುಜಕ್ಕೆ ಭುಜ ತಾಗಿಸಿ ಮೂರು ಜೀನು:
ಹೊರಗೆ ಉಪ್ಪು ಏರಿದಷ್ಟೂ
ಒಳಗೆ ತನ್ನದೇ ಮದ್ದು ಅರೆದುಕೊಂಡು
ಮುರುಟದೆ ಉಳಿಯುವ ಉಪಾಯ.
ಇಲ್ಲಿ, ಕೊಳದ ವಿಷವನ್ನು ತಿಂದು
ಬರೀ ಗಾಳಿಯಾಗಿಸಿ ಬಿಡುವ ಕಸುಬು.
"ಸಿಗಡಿಗಿ ಔಷಧ ಆಗ್ತದವ್ವ ಇದು!"
ಧುಮ್ಮನಸೂರ ಸರ್ ಎಲ್ಲರಿಗೂ ಚಹಾ ತರಿಸಿದರು.
ಉಳಿದ ಸಾವಿರದ ನೂರು ಜೀನಿನ ಮುಂದೆ
ಕಂಪ್ಯೂಟರು ಒಂದೇ ಮಾತು ಬರೆದಿತ್ತು:
ಕೆಲಸ ಗೊತ್ತಿಲ್ಲ, ಕೆಲಸ ಗೊತ್ತಿಲ್ಲ.

ಅಬ್ಬಾ ಬಿದ್ರಿ ಕೆಲಸದವರು.
ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚುತ್ತಾರೆ.
"ಹೂಂ" ಅಂದರೆ ಹೂಂ, ಉಗುಳಿದರೆ ಮುಗಿಯಿತು.
ಹೂಂ ಅಂದ ಮಣ್ಣಲ್ಲಿ ಕುದಿಸಿದರೆ
ಸತು ಕಾಡಿಗೆಯಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.
ಯಾಕೆ ಅಂದರೆ, "ಬಿಸಿಲು ಮಳೆ ನೋಡದ ಮಣ್ಣು."
ಉತ್ತರವಲ್ಲ ಅದು.
ಆದರೆ ಹೂಜಿ ಕಪ್ಪಾಗಿರುತ್ತದೆ.

ಒಂದು ಸಂಜೆ ಟಿಫಿನ್ ತಂದವರು
ಸೀಸೆ ನೋಡಿ, ಮುಚ್ಚಳ ತೆಗೆದು, ಬೆರಳು ಚಾಚಿದರು.
"ಅಬ್ಬಾ, ಬ್ಯಾಡ!"
ನಾನು ಕಿರುಚಿದ್ದಕ್ಕೆ ಬಕ್ಕಪ್ಪ ಓಡಿ ಬಂದ.
ಬೆರಳು ಗಾಳಿಯಲ್ಲೇ ನಿಂತಿತ್ತು.
"ಮತ್ತ ನಿಂಗ ಹ್ಯಾಂಗ ಗೊತ್ತಾಗ್ತದ?"
ಪರದೆ ತೋರಿಸಿದೆ. ಸಾಲು, ಸಾಲು, ಸಾಲು.
ಬಹಳ ಹೊತ್ತು ನೋಡಿದರು.
ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.
"ಕೆತ್ತನಿ ಛಲೋ ಅದ" ಅಂದರು.

ಅದೇ ರಾತ್ರಿ ಸಿಕ್ಕಿತು:
ಒಂದೇ ಥರದ ಎರಡು ತುಂಡಿನ ನಡುವೆ
ಹೊಲಿದ ತೇಪೆಯ ಹಾಗೆ
ಟೆಟ್ರಾಸೈಕ್ಲಿನ್ನಿಗೆ ಜಗ್ಗದ ಜೀನು.
ಹುಟ್ಟಿನದಲ್ಲ, ಎಲ್ಲಿಂದಲೋ ಪಡೆದದ್ದು.
ಕೊಳಕ್ಕೆ ಸುರಿದ ಮೇವಿನಿಂದಲೋ,
ಇಲ್ಲೇ ಮೇಲೆ, ನಮ್ಮ ಆಸ್ಪತ್ರೆಯ ಕಟ್ಟೆಯಲ್ಲಿ
ಎಮ್ಮೆಗಳಿಗೆ ನಾವೇ ಚುಚ್ಚಿದ್ದು
ಸಗಣಿಯಾಗಿ, ಹಳ್ಳವಾಗಿ, ಮಾಂಜ್ರಾ ಆಗಿ
ಅಲ್ಲಿವರೆಗೆ ನಡೆಯಿತೋ.
ಪುರಾವೆ ಇಲ್ಲ.
ನದಿ ರಸೀದಿ ಕೊಡುವುದಿಲ್ಲ.

"ಇದನ್ನ ಕೊಳಕ್ಕ ಬಿಡ್ಲಿಕ್ಕ ಬರಲ್ಲ" ಅಂದರು ಸರ್,
ಚಹಾ ತರಿಸದೆ.
ಹದಿನೇಳು ಈಗ ಗ್ಲಿಸರಿನ್ನಿನಲ್ಲಿ ಮಲಗಿದೆ,
ಸೊನ್ನೆಯ ಕೆಳಗೆ ಎಂಬತ್ತು ಡಿಗ್ರಿ,
ಸಾವಿರದ ನೂರು ಗುಟ್ಟು ಮಡಿಲಲ್ಲಿಟ್ಟುಕೊಂಡು.

ಮರುದಿನದ ಟಿಫಿನ್ನಿನ ಜೊತೆ
ಉರ್ದು ಪೇಪರಿನ ಪೊಟ್ಟಣ. ಕೋಟೆ ಮಣ್ಣು.
"ಇದನ್ನೂ ಓದಿ ನೋಡು" ಅಂದಿದ್ದರಂತೆ.
ಕಿಟ್ ಇದೆ, ಮಷೀನಿದೆ, ಒಂದು ವಾರ ಸಾಕು.
ದಿನಾ ಡ್ರಾಯರು ಎಳೆಯುತ್ತೇನೆ,
ಪೆನ್ನು ತೆಗೆದುಕೊಂಡು ಮುಚ್ಚುತ್ತೇನೆ.

ನಿನ್ನೆ ಯಾರೂ ಇಲ್ಲದಾಗ
ಗ್ಲೌಸು ಬಿಚ್ಚಿ
ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿದೆ, ಕಣ್ಣು ಮುಚ್ಚಿ.
ಏನೂ ತಿಳಿಯಲಿಲ್ಲ.
ಸ್ವಲ್ಪ ಉಪ್ಪು.